ಮುಲುಂಡಿನಲ್ಲಿ ನಾಲ್ಕನೇ ಸುತ್ತು

ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.
ಕುರ್ಚಿಯಡಿ ಒಂದು ಚಪ್ಪಲಿ ಕವುಚಿ ಬಿದ್ದಿತ್ತು.
ಗಾರ್ಗಿ ಟಿಪ್ಣೀಸ್, ಹನ್ನೊಂದು ವರ್ಷ,
ರೇಟಿಂಗು ಎರಡು ಸಾವಿರದ ನೂರು.
ನನ್ನದು ಸಾವಿರದ ಮುನ್ನೂರು ಚಿಲ್ಲರೆ,
ಅದೂ ಹೋಟೆಲಿನ ಗಲ್ಲಾದಲ್ಲಿ ಕೂತು ಕಲಿತದ್ದು,
ಗಿರಾಕಿ ಇಲ್ಲದ ಮೂರರಿಂದ ನಾಲ್ಕರ ನಡುವೆ.

ಅವಳು ನಡೆಸುವಳು, ಗಡಿಯಾರ ಒತ್ತುವಳು,
ಎದ್ದು ಬೇರೆಯವರ ಮಣೆ ನೋಡಿ ಬರುವಳು.
ನಾನು ಎದ್ದರೆ ನನ್ನ ರಾಜನಿಗೆ ದಿಕ್ಕಿಲ್ಲ.

ಇಪ್ಪತ್ತೆಂಟನೆಯ ನಡೆಗೆ ಅವಳು ಏಳಲಿಲ್ಲ.
ಜಡೆಯ ತುದಿ ಬಾಯಲ್ಲಿ.
ಅದನ್ನು ಕಂಡದ್ದೇ ತಪ್ಪಾಯಿತು,
ಬೆನ್ನು ತಾನಾಗಿ ನೆಟ್ಟಗಾಯಿತು,
ಕೈ ಹೋಗಿ ಒಂಟೆಯನ್ನು ಮುಟ್ಟಿತು.
ಮುಟ್ಟಿದ್ದನ್ನು ನಡೆಸಲೇಬೇಕು.

ಸೋತು ಸಹಿ ಹಾಕಿದ ಮೇಲೆ
ಅವಳೇ ಕಾಯಿಗಳನ್ನು ಹಿಂದಕ್ಕೆ ಜೋಡಿಸಿ,
"ಅಂಕಲ್, ಇಲ್ಲಿ ಕುದುರೆ ಬಂದಿದ್ದರೆ
ನನ್ನ ಕತೆ ಮುಗಿಯುತ್ತಿತ್ತು" ಎಂದಳು,
ನನಗೆ ತಿಳಿಯಲೆಂದು ಹಿಂದಿಯಲ್ಲಿ, ನಿಧಾನವಾಗಿ.
ಹೇಳದಿದ್ದರೆ ಎಷ್ಟೋ ಚೆನ್ನಾಗಿತ್ತು.

ಲೋಕಲಿನಲ್ಲಿ ಮಾಟುಂಗಾ ದಾಟಿಹೋಯಿತು;
ದಾದರಿನಲ್ಲಿಳಿದು ಮತ್ತೆ ಹಿಂದಕ್ಕೆ ಬಂದೆ.
ರಾತ್ರಿ ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತ
ಮುಂದಕ್ಕೆ ಎರಡು ಮನೆ, ಅಡ್ಡಕ್ಕೆ ಒಂದು...
"ಹತ್ತು ರೂಪಾಯಿ ಹೆಚ್ಚು ಕೊಟ್ಟಿರಿ" ಎಂದು
ಗಿರಾಕಿಯೇ ವಾಪಸು ಇಟ್ಟುಹೋದ,
ಸೋಂಪಿನ ತಟ್ಟೆಯ ಪಕ್ಕ.