ಮೂರನೆಯ ಸ್ಕ್ರೂ

ಕಾಗಾಲದ ಸಿಗಡಿ ಹೊಂಡಗಳಿಗೆ
ನಸುಕಿನ ಮೂರೂವರೆಗೆ ಉಸಿರು ಕಟ್ಟುತ್ತದೆ.
ಇಷ್ಟು ವರ್ಷ ಆ ಹೊತ್ತಿಗೆ ಎದ್ದು
ಗಾಲಿಗಳ ಸ್ವಿಚ್ ಎತ್ತುತ್ತಿದ್ದವನು ಮಂಕಾಳಿ ಅಂಬಿಗ.
ಗಡಿಯಾರವಿಲ್ಲ. ನೀರಿನ ವಾಸನೆಗೇ ಎಚ್ಚರ.

ಆ ಎಚ್ಚರವನ್ನು
ಬೆಂಕಿಪೊಟ್ಟಣದಷ್ಟು ಬೋರ್ಡಿಗೆ ಕಲಿಸಲು
ಕುಮಟೆಯಿಂದ ನನ್ನನ್ನು ಕರೆಸಿದ್ದರು, ದಿನಕ್ಕೆ ಎಂಟುನೂರು.

ಮೊದಲ ರಾತ್ರಿ ಜಿಪುಣತನ ಮಾಡಿದೆ.
ನಾಲ್ಕು ರಿಲೇಗಳ ಹೊಟ್ಟೆಗೂ
ಆ ಪುಟ್ಟ ಬೋರ್ಡಿನ ಐದು ವೋಲ್ಟನ್ನೇ ಹಂಚಿದೆ.
ನಾಲ್ಕೂ ಒಟ್ಟಿಗೆ ಎಳೆದವು. ಅದು ತಲೆಸುತ್ತಿ ಬಿತ್ತು.
ಎದ್ದಿತು, ಮತ್ತೆ ಎಳೆದವು, ಮತ್ತೆ ಬಿತ್ತು.
ಟಿಕ್ ಟಿಕ್ ಟಿಕ್ ಟಿಕ್.
ಮಂಕಾಳಿ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎಂದ.
‘ಹಲ್ಲಿ ಇಷ್ಟು ಸಲ ಲೊಚಗುಟ್ಟಿದ್ರೆ
ಯಾವ ಮಾತು ನಿಜ ಅಂತ ತಿಳ್ಕಂಬೂದು?’

ಮರುದಿನ ಒಂದು ಜಂಪರ್ ಕಿತ್ತೆ.
ರಿಲೇಗಳಿಗೆ ಬೇರೆ ಒಲೆ ಹೂಡಿದೆ,
ಯಾರದೋ ಹಳೇ ಮೊಬೈಲಿನ ಚಾರ್ಜರು.
ಈಗ ಎರಡು ಮನೆಗಳ ನಡುವೆ ತಂತಿಯಿಲ್ಲ,
ಕರಿ ಚಿಪ್ಪಿನೊಳಗೊಂದು ದೀಪ, ಎದುರಿಗೊಂದು ಕಣ್ಣು.
ದೀಪ ಕಂಡರೆ ಕಣ್ಣಿನ ಸನ್ನೆ,
ಉಗುರಿನಷ್ಟು ಲೋಹ ಕದಲಿ
ಮುಷ್ಟಿಯಷ್ಟು ಕಾಂಟ್ಯಾಕ್ಟರನ್ನು ಎಬ್ಬಿಸುತ್ತದೆ,
ಅದು ಎದ್ದು ಎರಡು ಎಚ್‌ಪಿ ಮೋಟಾರನ್ನು ಒದೆಯುತ್ತದೆ.
ಹೊಂಡದ ತುಂಬ ಬಿಳಿ ನೊರೆ.

ಸೊನ್ನೆ ಬರೆದರೆ ಚಾಲೂ, ಒಂದು ಬರೆದರೆ ಬಂದ್.
ಇದನ್ನು ವಿವರಿಸಲು ನನಗೊಂದು ಪೂರ್ತಿ ಚಾ ಬೇಕಾಯಿತು.
ಅವನಿಗೆ ಅರ್ಧ ಗುಟುಕು ಸಾಕಾಯಿತು:
‘ಜಂತ್ರಡೀಲಿ ಹಲಗೆ ಇಲ್ದೇ ಇದ್ದಾಗ್ಲೇ ಅಲ್ವಾ ನೀರು ಬರೂದು.’
ಲೋಟ ತೊಳೆದಿಟ್ಟು ಕೇಳಿದ:
‘ಇದೇ ಸತ್ರೆ ಎಬ್ಸೂರು ಯಾರು, ತಂಗಿ?’

ರಿಲೇಯ ಬಾಯಲ್ಲಿ ಮೂರು ಸ್ಕ್ರೂ.
ನಡುವಿನಿಂದ ಒಂದು ಬದಿಗೆ ಕಟ್ಟಿದರೆ, ಕರೆದಾಗ ಮಾತ್ರ ಬರುವೆ.
ಇನ್ನೊಂದು ಬದಿಗೆ ಕಟ್ಟಿದರೆ, ಬೇಡವೆಂದಾಗ ಮಾತ್ರ ನಿಲ್ಲುವೆ.
ಡಿಪ್ಲೊಮಾದ ಮೂರು ವರ್ಷವೂ
ನಾನು ಮೊದಲನೆಯದನ್ನೇ ಕಟ್ಟಿದವಳು.
ತಂತಿ ಬಿಚ್ಚಿ ಮೂರನೆಯ ಸ್ಕ್ರೂಗೆ ಬಿಗಿದೆ.
ಸೊನ್ನೆ ಒಂದುಗಳನ್ನು ಅದಲುಬದಲು ಬರೆದೆ.
ಈಗ ಬೋರ್ಡು ಬದುಕಿರುವುದು
ಗಾಲಿಗೆ ಒಂದಿಷ್ಟು ವಿಶ್ರಾಂತಿ ಕೊಡಲು.
ಉಪ್ಪುಗಾಳಿ ಅದನ್ನು ತಿಂದು ಮುಗಿಸಿದ ರಾತ್ರಿ
ಗಾಲಿ ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ.

ಬೆಸುಗೆಗಳ ಮೇಲೆ ಬಳಿಯಲು
ಮಂಕಾಳಿ ಮೊಮ್ಮಗಳ ಉಗುರುಬಣ್ಣ ಕದ್ದು ತಂದಿದ್ದ. ಕಡುಗೆಂಪು.
ನಾನು ಹಿಡಿದೆ, ಅವನು ಬಳಿದ.

ಮೂರೂವರೆಗೆ ಟಿಕ್ ಎಂದಿತು, ಒಮ್ಮೆ ಮಾತ್ರ.
ಟಾರ್ಚ್ ಹಾಕಿದರೆ ಅವನು ಆಗಲೇ ದಂಡೆಯ ಮೇಲೆ,
ನೀರಿಗೆ ಬಗ್ಗಿ, ಮೂಗರಳಿಸಿ.
ಬಲಗೈಯ ಎರಡು ಬೆರಳಿಗೆ ಬಣ್ಣ ಅಂಟಿತ್ತು.