ಮಣ್ಣು ಮಾಡುವುದು

ಅಳು ಆಮೇಲೆ, ಕ್ಯುನ್ನೆಯ್. ಮೊದಲು ಆ ಕಿಟಕಿ ತೆರೆ.
ಅಪ್ಪ ಮಲಗಿರುವ ಕೋಣೆಯ ಬಾಗಿಲು ಹಾಕು.
ಅಡುಗೆಮನೆಯ ಒಲೆಯೊಂದೇ ಉರಿಯಲಿ.
ಹೊರಗೆ ಮೈನಸ್ ನಲವತ್ತೇಳು;
ವಿಲ್ಯುಯ್ ದಂಡೆಯಲ್ಲಿ ಪುಕ್ಕಟೆ ಸಿಗುವುದು ಚಳಿಯೊಂದೇ,
ಇವತ್ತು ಅದೂ ಉಪಯೋಗಕ್ಕೆ ಬರಲಿ.

ಕಾಂಪೌಂಡರ್ ಬರೆದುಕೊಟ್ಟ ಚೀಟಿ ಎಲ್ಲಿ?
ಒಳಜೇಬಿಗೆ ಹಾಕು, ಕೈಯಲ್ಲಿ ಹಿಸುಕಬೇಡ.
ನೋಂದಣಿ ಕಚೇರಿ ತೊಂಬತ್ತು ಕಿಲೋಮೀಟರ್,
ನಾಳೆ ಶುಕ್ರವಾರ, ತಪ್ಪಿದರೆ ಸೋಮವಾರವೇ.
ಇನ್ನೋಕೆಂತಿಯ ಜೀಪು ಕೇಳಿದ್ದೇನೆ.
ಅಲ್ಲಿ ಕ್ಯೂ ಎಷ್ಟೇ ಇರಲಿ, ಇಂಜಿನ್ ಆರಿಸಕೂಡದು,
ಆರಿದರೆ ಏಪ್ರಿಲ್‌ಗೇ ಅದು ಮತ್ತೆ ಏಳುವುದು.
ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ, ವಾಪಸ್ ಕೊಡುವುದಿಲ್ಲ.
ಫೋಟೊ ಇರುವ ಹಾಳೆ ಮೊದಲೇ ಜೆರಾಕ್ಸ್ ಮಾಡಿಸು.
ನನ್ನವನದು ಮಾಡಿಸಿರಲಿಲ್ಲ.
ಅವನ ಎಡಗಿವಿ ಹೇಗಿತ್ತೆಂದು ಈಗ ನೆನಪಾಗುವುದಿಲ್ಲ.

ಕೋವಿಯ ಲೈಸೆನ್ಸು ಅಪ್ಪನ ಹೆಸರಲ್ಲಿದೆ. ಪೊಲೀಸರಿಗೆ ತಿಳಿಸು.
ಇವತ್ತೇ ತಿಳಿಸು. ನಿನ್ನ ತಮ್ಮ ಬೆಳಗಿನಿಂದ
ಅದರ ಬೀರುವಿನ ಮುಂದೆಯೇ ಕೂತಿದ್ದಾನೆ.

ಪೆಟ್ಟಿಗೆಯ ಅಳತೆ ನೀನು ಹಿಡಿಯಬೇಡ.
ಹಲಗೆಯನ್ನಾಗಲಿ ಗುದ್ದಲಿಯನ್ನಾಗಲಿ
ರಕ್ತಸಂಬಂಧದವರು ಮುಟ್ಟಬಾರದು.
ಹಿರಿಯರ ಕಟ್ಟಳೆ ಅನ್ನುತ್ತಾರೆ. ನಾನು ಕಂಡದ್ದು ಇಷ್ಟು:
ಬಿಕ್ಕುವವನ ಕೈಯಲ್ಲಿ ಗರಗಸ ನೇರ ಹೋಗುವುದಿಲ್ಲ.
ಶಾಲೆಯ ಬಡಗಿ ಮೇಷ್ಟ್ರು ಯೆರೆಮೆಯ್ ಹತ್ತಿರ
ಒಣಗಿದ ಲಾರ್ಚ್ ಹಲಗೆ ಇದೆ.
ಯಾರಿಗೆಂದು ಎತ್ತಿಟ್ಟಿದ್ದನೋ, ಕೇಳಲು ಹೋಗಬೇಡ.

ಇನ್ನು ಮಣ್ಣು.
ಮಣ್ಣು ಮಾಡಬೇಕು ಅಂದುಬಿಡುತ್ತೇವೆ, ಬಾಯಿಗೆ ಸುಲಭ.
ಇಲ್ಲಿ ನಿಜಕ್ಕೂ ಮಾಡಬೇಕು.
ಮೊಣಕಾಲೆತ್ತರದ ಹಿಮ ಸರಿಸಿದರೆ
ಅಡಿಗೆ ಇರುವುದು ನೆಲವಲ್ಲ, ಕಬ್ಬಿಣ.
ಸೌದೆ ಒಟ್ಟಿ, ತಗಡು ಮುಚ್ಚಿ, ರಾತ್ರಿಯಿಡೀ ಉರಿಸಿದರೆ
ಬೆಳಗಿಗೆ ಒಂದು ಮೊಳ ಸಡಿಲವಾಗುತ್ತದೆ.
ಅಗೆದು, ಮತ್ತೆ ಉರಿಸಿ, ಮತ್ತೆ ಅಗೆದು
ಮೂರು ರಾತ್ರಿ. ಆರು ಜನ ಬೇಕು, ಪಾಳಿಯ ಮೇಲೆ.
ಅವರಿಗೆ ಹೊತ್ತು ಹೊತ್ತಿಗೆ ಕುದುರೆಮಾಂಸದ ಬಿಸಿ ಸಾರು ಕಳಿಸು,
ವೋಡ್ಕಾ ಬೇಡ, ಅದು ಎಲ್ಲ ಮುಗಿದ ಮೇಲೆ.
ಮೊದಲ ದೋಸೆಯ ತುಂಡು ಬೆಂಕಿಗೆ. ಅದೂ ದುಡಿಯುತ್ತಿದೆಯಲ್ಲ.

ನನ್ನವನಿಗೆ ಆ ಬೆಂಕಿ ಕಾದವನು ನಿಮ್ಮಪ್ಪ.
ಮೂರೂ ರಾತ್ರಿ. ಪಾಳಿ ಬದಲಿಸಲು ಬಂದವರನ್ನು ಕಳಿಸಿಬಿಟ್ಟನಂತೆ.
ಆದರೆ ಗುಂಡಿಯ ಪಕ್ಕ ಒಟ್ಟಿದ ಮಣ್ಣು
ನಾವು ಹೆಣ ಹೊತ್ತು ಬರುವಷ್ಟರಲ್ಲಿ ಮತ್ತೆ ಹೆಪ್ಪುಗಟ್ಟಿತ್ತು.
ಒಂದು ಹಿಡಿ ಎತ್ತಿ ಹಾಕಿದೆ.
ಹಾಕಿದೆ ಅನ್ನಬಾರದು, ಹೊಡೆದೆ.
ಗಂಡನ ಮೇಲೆ ಕಲ್ಲು ಹೊಡೆದ ಸದ್ದು.
ಹದಿನಾಲ್ಕು ವರ್ಷವಾಯಿತು.

ಮರಳಿ ಬರುವಾಗ ಗವ್ರೀಲ್ ನನ್ನ ಸರಿಸಮ ನಡೆಯುತ್ತ ಅಂದ:
ಒಂದು ಬಕೆಟ್ ಒಲೆಯ ಬಳಿ ಇಡಿಸಬೇಕಿತ್ತು, ಅಕುಲೀನಾ,
ಅಗೆಯುವಾಗ ಹೊಳೆಯಲಿಲ್ಲ.
ರೆಪ್ಪೆಯ ಮೇಲೆಲ್ಲ ಇಬ್ಬನಿ ಕಟ್ಟಿತ್ತು ಅವನಿಗೆ,
ಅತ್ತಿದ್ದನೋ ಏನೋ, ಇಲ್ಲಿ ಗೊತ್ತಾಗುವುದಿಲ್ಲ.

ಅದಕ್ಕೇ ಇದನ್ನು ತಂದೆ.
ಇಂದು ರಾತ್ರಿ ಮೊದಲ ಮೊಳ ಸಡಿಲವಾದ ಕೂಡಲೇ
ಹುಡುಗರು ಇದರ ತುಂಬ ತಂದುಕೊಡುತ್ತಾರೆ.
ಒಲೆಗೆ ತೀರ ಒತ್ತಿ ಇಡಬೇಡ, ಸುಟ್ಟು ಹುಡಿಯಾಗುತ್ತದೆ.
ಗಂಟೆಗೊಮ್ಮೆ ಕೈ ಹಾಕಿ ಮಗುಚು, ಹಿಟ್ಟು ಕಲಸಿದ ಹಾಗೆ,
ಹೆಂಟೆ ಸಿಕ್ಕರೆ ಬೆರಳಲ್ಲೇ ಪುಡಿಮಾಡು.
ಬೇರು ಸಿಕ್ಕರೆ ಇರಲಿ ಬಿಡು.
ಗುದ್ದಲಿ ಮುಟ್ಟಬಾರದು ಅಂದೆ, ಹಲಗೆ ಮುಟ್ಟಬಾರದು ಅಂದೆ.
ಇದನ್ನು ಮುಟ್ಟಬಾರದೆಂದು ಯಾರೂ ಹೇಳಿಲ್ಲ.
ತಮ್ಮನನ್ನೂ ಬೀರುವಿನ ಮುಂದಿನಿಂದ ಎಬ್ಬಿಸಿ
ಪಕ್ಕಕ್ಕೆ ಕೂರಿಸಿಕೋ, ಅವನಿಗೂ ಎರಡು ಕೈಗಳಿವೆ.

ಈಗ ಬೇಕಾದರೆ ಅಳು.

ಬಕೆಟ್ ನನ್ನದು, ನೀಲಿಯದು, ಹಿಡಿಕೆ ಸ್ವಲ್ಪ ಸಡಿಲ.
ಎಲ್ಲ ಮುಗಿದ ಮೇಲೆ ವಾಪಸ್ ಕೊಡು.
ತೊಳೆಯುವುದು ಬೇಡ.