ಎರಡು ಮೂರು ಸೊನ್ನೆ ಸೊನ್ನೆ

ನನ್ನ ಪರದೆಯಲ್ಲಿ ಅದು ಗುಂಡಗೇ ಇತ್ತು.
ಬೇಕಾದರೆ ಆಣೆ ಹಾಕುತ್ತೇನೆ.
ಒಂದು ವೃತ್ತ, ಅದನ್ನು ಓರೆಯಾಗಿ ಸೀಳುವ ಗೀಟು,
ಬಲೆಯ ಸೀಸದ ಗುಂಡಿಗೆ ನೂಲು ಪೋಣಿಸಿದಂತೆ.
ಪಕ್ಕದಲ್ಲಿ ನಲವತ್ತೈದು.

ವ್ಯಾಸದ ಗುರುತು.

ಹಂಪನಕಟ್ಟೆಯ ಮೂರನೇ ಮಹಡಿ, ಹಲ್ಲಿನ ಡಾಕ್ಟರರ ಪಕ್ಕದ ಕೋಣೆ;
ಹದಿನೆಂಟು ವರ್ಷದಿಂದ ನಾನು ನಕ್ಷೆಗಳಿಗೆ ಅಕ್ಷರ ಹಾಕುವವಳು.
ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ವಾಮನ ಶೆಣೈಯವರು
ಯಾವುದೋ ಹಿಮದ ದೇಶದ ಅಕ್ಷರ ತಂದು ಕೂರಿಸುತ್ತಿದ್ದರು.
ಆ ಕಡೆ ಅದು ಸ್ವರವಂತೆ,
ತುಟಿ ಗುಂಡಗೆ ಮಾಡಿ ಹೇಳುವುದಂತೆ.
ಅವಸರವಿದ್ದ ದಿನ ಗಣಿತದ ಶೂನ್ಯಗಣ.
"ಕಣ್ಣಿಗೆ ಒಂದೇ ಅಲ್ವಾ ಹಿಲ್ಡಾ, ಕಬ್ಬಿಣಕ್ಕೆ ಎಂತ ಗೊತ್ತು?"

ನನಗೆ ಅದು ಆಗುವುದಿಲ್ಲ.
ಇನ್ನೊಬ್ಬರ ಕಾರ್ಡು ತೋರಿಸಿ ಅಕ್ಕಿ ತಂದ ಹಾಗೆ.
ನಿಜವಾದ ಗುರುತಿಗೆ ಅದರದೇ ವಿಳಾಸ ಉಂಟು:
ಎರಡು, ಮೂರು, ಸೊನ್ನೆ, ಸೊನ್ನೆ.
ಹುಡುಕಿ, ಬಾಗಿಲು ತಟ್ಟಿ, ಕರೆದುಕೊಂಡು ಬಂದೆ.

ಜುಲೈ ಕೊನೆ. ಸಮುದ್ರದ ರಜೆ ಮುಗಿಯಲು ನಾಲ್ಕೇ ದಿನ.
ದೇವದಾಸ ಪುತ್ರನ್ನರ ಟ್ರಾಲ್ ಬೋಟಿಗೆ
ಚುಕ್ಕಾಣಿಯ ದಂಡ ಹಾದುಹೋಗುವ ಉಕ್ಕಿನ ತಟ್ಟೆ,
ನಡುವೆ ಒಂದು ತೂತು.
ನಾನು ಕಳಿಸಿದೆ. ದಕ್ಕೆಯ ಝೆರಾಕ್ಸ್ ಅಂಗಡಿಯಲ್ಲಿ
ಯಾರೋ ತೆರೆದರು, ಯಾರೋ ಪ್ರಿಂಟು ತೆಗೆದರು.
ಆ ಕಂಪ್ಯೂಟರಿಗೆ ನನ್ನ ಅತಿಥಿಯ ಮುಖಪರಿಚಯ ಇರಲಿಲ್ಲ.
ಪರಿಚಯವಿಲ್ಲದವರಿಗೆಲ್ಲ ಅದು ಕೊಡುವುದು ಒಂದೇ ಕೋಣೆ:
ಖಾಲಿ, ನಾಲ್ಕು ಮೂಲೆ.

ಚೌಕ ನಲವತ್ತೈದು.

ಗೊತ್ತಿಲ್ಲದವರ ಕೈಗೆ ಸಿಕ್ಕಿದ್ದರೆ
"ಎಂತ ಮಾರಾಯ್ತಿ ಇದು, ಡಬ್ಬಿ ಬಂದಿದೆ" ಎಂದು ಫೋನು ಮಾಡುತ್ತಿದ್ದರು.
ಮೊಯ್ದಿನಬ್ಬರು ಗೊತ್ತಿರುವವರು.
ನಕ್ಷೆಯಲ್ಲಿ ಚೌಕ ಬರೆದರೆ ತೂತು ಚೌಕವೇ,
ಅದೂ ಒಂದು ಗುರುತೇ, ಪುಸ್ತಕದಲ್ಲಿರುವುದೇ.
ಚುಕ್ಕಾಣಿಗೆ ಯಾಕಪ್ಪ ಚೌಕ ಎಂದು ಅರೆಗಳಿಗೆ ನಿಂತರಂತೆ.
ಆಮೇಲೆ, ಹಿಲ್ಡಾಬಾಯಿ ತಪ್ಪು ಹಾಕುವವರಲ್ಲ ಎಂದರಂತೆ.

ಆ ಒಂದು ಮಾತು ನನಗೆ ಇವತ್ತಿಗೂ ನುಂಗಲಾಗುವುದಿಲ್ಲ.

ಯತೀಶ ಎಂಬ ಹುಡುಗ, ಕೆಲಸಕ್ಕೆ ಸೇರಿ ಮೂರು ತಿಂಗಳು,
ರಾತ್ರಿಯಿಡೀ ಅರ ಹಿಡಿದು ಮೂಲೆ ತೀಡಿದ.
ನಾಲ್ಕು ಮೂಲೆ. ಒಂದೊಂದಕ್ಕೂ ಗುಣ್ಯ ಇಟ್ಟು,
ಬೆಳಕಿಗೆ ಹಿಡಿದು,
ಒಂದು ಕೂದಲು ನುಸುಳದಷ್ಟು ನೇರ.
ಬೆಳಿಗ್ಗೆ ದಂಡ ಬಂತು. ಗುಂಡಗಿನ ದಂಡ.

ನಾನು ರಿಕ್ಷಾ ಹಿಡಿದು ಹೋದಾಗ ಯಾರೂ ಬೈಯಲಿಲ್ಲ,
ಬೈದಿದ್ದರೆ ಆಗುತ್ತಿತ್ತು.
ಪುತ್ರನ್ನರು ಬೊಂಡ ಕುಡಿಯುತ್ತಾ ಗಡಿಯಾರ ನೋಡಿದರು.
ಯತೀಶ ತನ್ನ ಮೂಲೆಗಳನ್ನು ಹೆಬ್ಬೆರಳಿನಿಂದ ಸವರುತ್ತಿದ್ದ.
ಅಷ್ಟು ಚಂದದ ತಪ್ಪನ್ನು ನಾನು ಬೇರೆಲ್ಲೂ ನೋಡಿಲ್ಲ.

"ಮೂಲೆ ವಾಪಸ್ ತುಂಬಲಿಕ್ಕೆ ಆಗುದಿಲ್ಲ," ಎಂದರು ಮೊಯ್ದಿನಬ್ಬ,
"ಅರವತ್ತೈದಕ್ಕೆ ಕೊರೆದರೆ ಮೂಲೆ ನಾಲ್ಕೂ ಹೋಗ್ತದೆ,
ಒಳಗೆ ಹಿತ್ತಾಳೆಯ ಬುಷ್ ಕೂರಿಸುವ."
ಹೇಳುತ್ತಾ ತಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ
ಒಂದು ಸುತ್ತು ಸುತ್ತಿ, ಅಡ್ಡ ಎಳೆದು, ನಲವತ್ತೈದು ಬರೆದರು.
ಸುತ್ತು ಪೂರ್ತಿ ಕೂಡಿರಲಿಲ್ಲ,
ಗೀಟು ಹೊರಗೆ ಹಾರಿ ಕಿಲುಬಿನವರೆಗೆ ಹೋಗಿತ್ತು.
ಎಲ್ಲರಿಗೂ ಓದಲು ಬಂತು.

ಲೇತು ತಿರುಗಿತು. ಯತೀಶನ ರಾತ್ರಿ
ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು.
ಅವನು ಚಾ ತರುತ್ತೇನೆಂದು ಹೊರಗೆ ಹೋದ.

ಈಗ ಫಾಂಟನ್ನೂ ಕಡತದೊಳಗೇ ಕಟ್ಟಿ ಕಳಿಸುತ್ತೇನೆ,
ದೂರದೂರಿಗೆ ಹೋಗುವವರಿಗೆ ಬುತ್ತಿ ಕಟ್ಟಿದ ಹಾಗೆ.
ಆದರೂ ಕಳಿಸಿದ ಮೇಲೆ ಫೋನು ಮಾಡುತ್ತೇನೆ.
ಆ ಕಡೆ ಯಂತ್ರದ ಸದ್ದು, ಕಾಗೆ, ಯಾರದೋ ಕೂಗು.

"ಗುಂಡಗೆ ಉಂಟಾ?"
"ಉಂಟು ಬಾಯಿ."
"ಗೀಟು?"
ಯತೀಶ ಕಾಗದವನ್ನು ಬೆಳಕಿಗೆ ಹಿಡಿಯುವಷ್ಟು ಹೊತ್ತು
ನಾನು ಉಸಿರು ಹಿಡಿದು ಕೂತಿರುತ್ತೇನೆ.